ಅದು ನನಗೆ ಬಂದ ಕಾಗದ

ನಾನು ಓದು ಕಲಿತದ್ದು ನನಗಿಂತ ಹೆಚ್ಚಾಗಿ ನಮ್ಮ ಕೇರಿಯವರಿಗೆ ಎಂದು ಒಂದು ಕಾಲಕ್ಕೆ ನಾನು ನಂಬಿದ್ದೆ. ತೀರ್ಥಹಳ್ಳಿ ಕಡೆಯ ಪುಟ್ಟ ಹಳ್ಳಿ ನಮ್ಮದು. ವಾರಕ್ಕೆರಡು ಸಲ ಟಪಾಲಿನವನು ಬರುತ್ತಿದ್ದ. ಜಗುಲಿಯ ಮೇಲೆ ಕಾಗದ ಇಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಮುಂದಿನ ಮನೆಗೆ ಹೊರಟುಬಿಡುತ್ತಿದ್ದ. ಓದಿ ಹೇಳುವಷ್ಟು ಪುರುಸೊತ್ತು ಅವನಿಗೆಲ್ಲಿ? ಆ ಕೆಲಸ ನನ್ನದಾಗಿತ್ತು. ಆಗ ನನಗೆ ಹನ್ನೊಂದು ವರ್ಷ. ಯಾರದೋ ಮನೆಯ ಹೆರಿಗೆ, ಯಾರದೋ ಜಮೀನಿನ ತಕರಾರು, ಯಾರೋ ಕಳಿಸಿದ ಇಪ್ಪತ್ತು ರೂಪಾಯಿ ಮನಿಯಾರ್ಡರು, ಎಲ್ಲವೂ ನನ್ನ ಬಾಯಿಂದಲೇ ಊರಿಗೆ ತಿಳಿಯಬೇಕು. ಓದಿದ್ದಕ್ಕೆ ಒಂದು ಬೆಲ್ಲದ ಚೂರೋ, ಎರಡು ಪೇರಲೆ ಹಣ್ಣೋ ಸಿಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದೊಡ್ಡವರೆಲ್ಲ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದರಲ್ಲ, ಆ ಸುಖವೇ ಬೇರೆ.

ಕಣದ ಮನೆಯ ಅಜ್ಜಿಯ ಒಬ್ಬನೇ ಮಗ ಬೊಂಬಾಯಿಯ ಹೋಟೆಲೊಂದರಲ್ಲಿದ್ದ. ಎರಡು ತಿಂಗಳಿಗೊಮ್ಮೆ ಅವನ ನೀಲಿ ಇನ್‌ಲ್ಯಾಂಡ್ ಲೆಟರು ಬರುತ್ತಿತ್ತು. ಒಂದು ಸಲ ಬಂದ ಕಾಗದದಲ್ಲಿ, ತನಗೆ ಅರಶಿನ ಕಾಮಾಲೆಯಾಗಿ ಇಪ್ಪತ್ತು ದಿನದಿಂದ ಮಲಗಿದ್ದೇನೆ, ಊಟ ಸೇರುತ್ತಿಲ್ಲ ಎಂದು ಬರೆದಿದ್ದ. ನಾನು ಆ ಸಾಲಿನ ಹತ್ತಿರ ಬಂದು ತಲೆಯೆತ್ತಿದೆ. ಅಜ್ಜಿ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದಳು. ಅವಳ ಮುಖ ನೋಡಿ ನನಗೆ ಹೇಳಲಾಗಲಿಲ್ಲ. "ನಾನು ಆರಾಮಾಗಿದ್ದೇನೆ, ಯೋಚನೆ ಮಾಡಬೇಡ" ಎಂದು ಓದಿಬಿಟ್ಟೆ. ಉಳಿದದ್ದನ್ನು ಸರಿಯಾಗಿಯೇ ಓದಿದೆ. ಅಜ್ಜಿ ನಕ್ಕಳು. ಪುಣ್ಯದ ಕೆಲಸ ಮಾಡಿದೆ ಎಂದುಕೊಂಡು ನಾನು ಮನೆಗೆ ಬಂದೆ.

ತಿಂಗಳಾದ ಮೇಲೆ ಬೊಂಬಾಯಿಯಿಂದ ಬಂದ ಯಾರೋ ಸುದ್ದಿ ಹೇಳಿದರು. ಅಜ್ಜಿ ನನ್ನನ್ನು ಕರೆಸಿದಳು. ಬೈಯಲಿಲ್ಲ. ಕಾಮಾಲೆಗೆ ನೆಲನೆಲ್ಲಿಯ ಔಷಧಿ ಮಾಡಿಕೊಡುವುದರಲ್ಲಿ ಆಕೆ ನಾಲ್ಕೂರಿಗೆ ಹೆಸರಾದವಳು. ಕಾಗದ ಬಂದ ವಾರವೇ ಪಕ್ಕದ ಊರಿನ ಹುಡುಗನೊಬ್ಬ ಬೊಂಬಾಯಿಗೆ ಹೊರಟಿದ್ದನಂತೆ. ಅವನ ಕೈಯಲ್ಲಿ ಔಷಧಿ ಕಳಿಸಬಹುದಿತ್ತು. "ನೀನು ನನಗೆ ಒಳ್ಳೇದಾಗಲಿ ಅಂತಲೇ ಮಾಡಿದ್ದು, ಗೊತ್ತು. ಆದರೆ ಮಗಾ, ಅದು ನನಗೆ ಬಂದ ಕಾಗದ ಆಗಿತ್ತಲ್ಲ" ಎಂದಳು, ಅಷ್ಟೆ. ಮಗ ಬದುಕಿಕೊಂಡ. ಮರುವರ್ಷ ಕಡ್ಡಿಯಂತಾಗಿ ಊರಿಗೆ ಬಂದ. ಆ ಔಷಧಿಯಿಂದ ಗುಣವಾಗುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಆದರೆ ಅಜ್ಜಿ ಆಮೇಲೆ ಕಾಗದ ಓದಿಸಲು ನನ್ನಲ್ಲಿಗೆ ಬರಲಿಲ್ಲ. ಒಂದು ಮೈಲಿ ನಡೆದು ಶಾಲೆಯ ಮೇಷ್ಟರ ಹತ್ತಿರ ಹೋಗುತ್ತಿದ್ದಳು.

ಈ ಕಥೆ ನನಗೆ ಮತ್ತೆ ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ, ಬಾಂಗ್ಲಾದೇಶದ ಫೋನಿನ ವಿಚಾರ ಓದುವಾಗ. ಇಕ್ಬಾಲ್ ಕಾದಿರ್ ಎಂಬಾತ ಆ ದೇಶದವನು. ಅಮೆರಿಕದಲ್ಲಿ ಕೆಲಸದಲ್ಲಿದ್ದ. 1993ರಲ್ಲಿ ಒಂದು ದಿನ ಅವನ ಆಫೀಸಿನಲ್ಲಿ ಕಂಪ್ಯೂಟರುಗಳ ನಡುವಿನ ಸಂಪರ್ಕ ಕಡಿದುಹೋಗಿ ಕೆಲಸವೆಲ್ಲ ನಿಂತಿತು. ಆಗ ಅವನಿಗೆ 1971ರ ಯುದ್ಧದ ಸಮಯದಲ್ಲಿ ಹಳ್ಳಿಯಲ್ಲಿದ್ದಾಗಿನ ಒಂದು ದಿನ ನೆನಪಾಯಿತಂತೆ. ಹುಡುಗನಾಗಿದ್ದ ಅವನನ್ನು ಮನೆಯವರು ಔಷಧಿ ತರಲು ದೂರದ ಊರಿಗೆ ಕಳಿಸಿದ್ದರು. ಬೆಳಗಿನಿಂದ ನಡೆದು ಹೋದರೆ ಅಲ್ಲಿ ಔಷಧಿ ಕೊಡುವವನೇ ಇರಲಿಲ್ಲ. ಸಂಜೆವರೆಗೆ ನಡೆದು ಬರಿಗೈಯಲ್ಲಿ ವಾಪಸು. ಒಂದು ಮಾತು ಮೊದಲೇ ತಿಳಿದಿದ್ದರೆ ಒಂದು ದಿನ ಉಳಿಯುತ್ತಿತ್ತು. ಬಡವನ ಮನೆಯಲ್ಲಿ ಒಂದು ದಿನವೆಂದರೆ ಒಂದು ದಿನದ ಕೂಲಿ, ಒಂದು ದಿನದ ಊಟ. ಸುದ್ದಿ ತಲುಪುವುದೂ ಅನ್ನದಷ್ಟೇ ಮುಖ್ಯ ಎಂದು ಅವನಿಗೆ ಹೊಳೆಯಿತು.

ಆ ಯೋಚನೆಯಿಂದ ಹುಟ್ಟಿದ ಗ್ರಾಮೀಣ್‌ಫೋನ್ 1997ರ ಮಾರ್ಚ್ 26ರಂದು, ಬಾಂಗ್ಲಾದೇಶದ ಸ್ವಾತಂತ್ರ್ಯ ದಿನದಂದೇ, ಕೆಲಸ ಶುರುಮಾಡಿತು. ಹಳ್ಳಿಯ ಹೆಂಗಸರಿಗೆ ಹಸು ಕೊಳ್ಳಲು ಸಾಲ ಕೊಡುತ್ತಿದ್ದ ಗ್ರಾಮೀಣ್ ಬ್ಯಾಂಕು ಫೋನು ಕೊಳ್ಳಲೂ ಸಾಲ ಕೊಡತೊಡಗಿತು. ಹಸುವಿನ ಹಾಲು ಮಾರುವಂತೆ ಆಕೆ ಮಾತಿನ ನಿಮಿಷಗಳನ್ನು ಮಾರಬೇಕು. ದುಬೈಯಲ್ಲಿರುವ ಗಂಡನ ಜೊತೆ ಮಾತಾಡಬೇಕೆಂದರೆ, ಪೇಟೆಯಲ್ಲಿ ಬತ್ತದ ಬೆಲೆ ತಿಳಿಯಬೇಕೆಂದರೆ ಊರವರು ಅವಳ ಮನೆಗೇ ಬರಬೇಕು. ಕಾಲಕ್ರಮದಲ್ಲಿ ಇಂಥ ಫೋನಿನ ಹೆಂಗಸರು ಎರಡು ಲಕ್ಷ ದಾಟಿದರು. ಆಮೇಲೆ ಮನೆಮನೆಗೂ ಅಗ್ಗದ ಫೋನು ಬಂದು ಅವರ ವ್ಯಾಪಾರ ಕುಗ್ಗಿತು. ಆದರೆ ಅಷ್ಟರಲ್ಲಿ ಅದು ಜಗತ್ತಿಗೆ ಉದಾಹರಣೆಯಾಗಿಬಿಟ್ಟಿತ್ತು. ಬಡದೇಶಗಳ ಏಳಿಗೆಗೆ ಫೋನು, ಕಂಪ್ಯೂಟರು ಬಳಸಬೇಕೆಂದು 2003ರಲ್ಲಿ ಜಿನೀವಾದಲ್ಲಿ, 2005ರಲ್ಲಿ ಟ್ಯುನಿಸ್‌ನಲ್ಲಿ ವಿಶ್ವಸಂಸ್ಥೆಯ ದೊಡ್ಡ ಸಭೆಗಳೇ ನಡೆದವು.

ದೊಡ್ಡ ಸಭೆಗಳ ಮಾತು ದೊಡ್ಡವರಿಗಿರಲಿ. ನನ್ನ ಮನಸ್ಸು ಮಾತ್ರ ಆ ಫೋನಿನ ಹೆಂಗಸಿನ ಮನೆಯಲ್ಲೇ ನಿಂತಿತು. ಅವಳ ಕಣ್ಣೆದುರಿಗೇ ಒಬ್ಬಳು ಗಂಡನೊಡನೆ ಜಗಳವಾಡುತ್ತಾಳೆ, ಇನ್ನೊಬ್ಬಳಿಗೆ ಸಾವಿನ ಸುದ್ದಿ ಬರುತ್ತದೆ, ಮತ್ತೊಬ್ಬಳ ಮಗ ಎಷ್ಟು ಹಣ ಕಳಿಸಿದನೆಂಬುದು ಕಿವಿಗೆ ಬೀಳುತ್ತದೆ. ಫೋನಿನ ಲೆಕ್ಕವನ್ನು ಬ್ಯಾಂಕು ಕೇಳುತ್ತದೆ. ಕೇಳಿಸಿಕೊಂಡ ಮಾತಿನ ಲೆಕ್ಕವನ್ನು ಯಾರು ಕೇಳುತ್ತಾರೆ? ಕಾಗದ ಓದುವ ಹುಡುಗಿಯಾಗಿ ನಾನು ಕೂತಿದ್ದ ಜಾಗದಲ್ಲೇ ಅವಳೂ ಕೂತಿದ್ದಾಳೆ ಎನ್ನಿಸಿತು. ಅವಳು ನನಗಿಂತ ಜಾಣೆಯಾಗಿರಲಿ ಎಂದು ಹಾರೈಸಿ ಪುಸ್ತಕ ಮುಚ್ಚಿದೆ. ನಾನೂ ಆ ಹೊತ್ತಿಗೆ ಜಾಣೆಯಾಗಿದ್ದೇನೆಂದು ನನ್ನ ಎಣಿಕೆ.

ಆಗಿರಲಿಲ್ಲ ಎಂಬುದು ತಿಳಿದದ್ದು ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಫೋನಿನಿಂದ. ಮಗ ಹೊಸದು ಕೊಂಡಾಗ ಹಳೆಯದನ್ನು ಇವಳಿಗೆ ಕೊಟ್ಟಿದ್ದ. ಗಾಜು ಒಡೆದಿತ್ತು, ಆದರೂ ನಡೆಯುತ್ತಿತ್ತು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಎಂದಾಯಿತಲ್ಲ, ಆಗ ಅವಳು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. "ಅಮ್ಮಾ, ದುಡ್ಡು ಬಂತಾ ಅಂತ ನೋಡಿ ಹೇಳ್ತೀರಾ? ಯಾರನ್ನೋ ಕೇಳೋಕಿಂತ ನಿಮ್ಮನ್ನ ಕೇಳೋದು ವಾಸಿ."

ಈ ಮಾತಿಗೆ ಉಬ್ಬದವರು ಯಾರು? ನಾನು ಕನ್ನಡಕ ಹಾಕಿಕೊಂಡು ಕೂತೆ. ಬ್ಯಾಂಕಿನ ಖಾತೆಯನ್ನು ಫೋನಿಗೆ ಜೋಡಿಸಿದೆ. ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ ಕೊಡಬೇಕೆಂದು ಫೋನು ಕೇಳಿತು. ಯಾವುದಿಡೋಣ ಎಂದು ಅವಳನ್ನು ಕೇಳಲೇ ಇಲ್ಲ. ನನಗೆ ನೆನಪಿರಲಿ ಎಂದು ನಮ್ಮ ಮನೆಯ ಹಳೇ ಫೋನಿನ ಕೊನೆಯ ನಾಲ್ಕು ಅಂಕಿಗಳನ್ನೇ ಒತ್ತಿದೆ. ಮರೆಯದಂತೆ ಡೈರಿಯ ಕೊನೆಯ ಪುಟದಲ್ಲೂ ಬರೆದಿಟ್ಟೆ. ಅಷ್ಟರಲ್ಲಿ ಬ್ಯಾಂಕಿನಿಂದ ಒಂದು ಸಂದೇಶ ಬಂತು. ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಎಂದು ಅದರಲ್ಲಿತ್ತು. ಅದನ್ನೂ ನಾನೇ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇಬ್ಬರೂ ತಲೆ ಅಲ್ಲಾಡಿಸಿದೆವು! ಇದರಲ್ಲಿ ನಗುವಂಥದೇನಾದರೂ ಇದೆ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ತಿಂಗಳು ತಿಂಗಳು ಅವಳು ಬಂದು ಕೇಳುವುದು, ನಾನು ನೋಡಿ ಹೇಳುವುದು ನಡೆಯಿತು. ಅವಳು ಒಂದು ಪೈಸೆ ತೆಗೆಯಲಿಲ್ಲ. ಮಗಳು ನರ್ಸಿಂಗ್ ಸೇರಬೇಕೆನ್ನುತ್ತಿದ್ದಾಳೆ, ಅದಕ್ಕೆ ಎಂದು ಒಮ್ಮೆ ಮೆಲ್ಲಗೆ ಹೇಳಿದ್ದಳು. ಏಳು ಕಂತು ಸೇರಿ 14,000 ರೂಪಾಯಿ ಆಗಿತ್ತು. ಒಂದು ಭಾನುವಾರ ಅವಳ ಮಗ ಗ್ಯಾಸಿನ ಸಿಲಿಂಡರು ಇಳಿಸಿಕೊಡಲು ಬಂದವನು, "ಆಂಟಿ, ಅಮ್ಮನ ಖಾತೆಗೆ ದುಡ್ಡು ಬರ್ತಾ ಇದೆಯಾ? ಕೇಳಿದರೆ ಏನೂ ಹೇಳಲ್ಲ" ಎಂದ. ನನಗೆ ಅವಳ ಮೇಲಿನ ಅಭಿಮಾನ ಉಕ್ಕಿತು. "ಬರ್ತಾ ಇದೆಯಾ ಅಂತ ಕೇಳ್ತೀಯಲ್ಲ, ನಿಮ್ಮಮ್ಮ ಹದಿನಾಲ್ಕು ಸಾವಿರ ಕೂಡಿಸಿದ್ದಾಳೆ! ಎಂಥ ಜಾಣೆ ನೋಡು" ಎಂದೆ.

ಮೂರು ದಿನ ಅವಳು ಕೆಲಸಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬಂದು ಮಾತಿಲ್ಲದೆ ಪಾತ್ರೆ ತೊಳೆದಳು. ನಾನೇ ಕೇಳಿದೆ. ಮಗ ಬೈಕಿಗೆ ಮುಂಗಡ ಕಟ್ಟಬೇಕೆಂದು ಹಠ ಹಿಡಿದನಂತೆ. ಇಲ್ಲ ಎನ್ನಲು ಅವಳಲ್ಲಿ ಇದ್ದ ಒಂದೇ ಮಾತು "ದುಡ್ಡೆಲ್ಲಿದೆ?" ಎಂಬುದು. ಆ ಮಾತನ್ನು ನಾನು ಕಿತ್ತುಕೊಂಡಿದ್ದೆ. "ಅವನೇನು ಕಳ್ಳನಲ್ಲ ಅಮ್ಮ. ಗೊತ್ತಾದ ಮೇಲೆ ಕೊಡದೇ ಇರೋದು ಹ್ಯಾಗೆ? ನೀವ್ಯಾಕೆ ಹೇಳಿದಿರಿ ಅಂತ ಮಾತ್ರ ನನಗೆ ತಿಳೀಲಿಲ್ಲ" ಎಂದಳು. ಬಾಗಿ ಪಾತ್ರೆ ಉಜ್ಜುತ್ತಿದ್ದ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಣದ ಮನೆಯ ಅಜ್ಜಿಯ ದನಿಯಲ್ಲೂ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬಳಿಗೆ ಬಂದ ಸುದ್ದಿಯನ್ನು ಅವಳಿಂದಲೇ ಮುಚ್ಚಿಟ್ಟೆ. ಇನ್ನೊಬ್ಬಳ ಸುದ್ದಿಯನ್ನು ಬೇರೆಯವರಿಗೆ ಬಿಚ್ಚಿಟ್ಟೆ. ಎರಡೂ ಒಂದೇ ತಪ್ಪು. ಅವರ ವಸ್ತುವನ್ನು ನನ್ನ ವಸ್ತುವೆಂದುಕೊಂಡೆ. ನಡುವೆ ಐವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ನೀಲಿ ಕಾಗದ ಹೋಗಿ ಗಾಜಿನ ಫೋನು ಬಂದಿತ್ತು. ನಾನು ಮಾತ್ರ ಹನ್ನೊಂದು ವರ್ಷದಲ್ಲಿ ಎಲ್ಲಿದ್ದೆನೋ ಅಲ್ಲೇ ಇದ್ದೆ.

ಮರುದಿನ ನಮ್ಮ ಮನೆಯವರಿಗೆ ಹೇಳಿದರೆ, "ತಾಯಿ ಮಗನ ನಡುವೆ ಗುಟ್ಟೆಂಥದು? ಮನೆ ಅಂದ ಮೇಲೆ ಎಲ್ಲ ಬಿಚ್ಚುಮನಸ್ಸಿನಲ್ಲಿ ಇರಬೇಕು. ನೀನು ಸುಳ್ಳೇನೂ ಹೇಳಲಿಲ್ಲವಲ್ಲ" ಎಂದರು. ಕೇಳಲು ಸರಿಯಾಗಿಯೇ ಇದೆ. ಸತ್ಯ ಹೇಳುವುದು ಧರ್ಮ ಎಂದೇ ನಮಗೆಲ್ಲ ಕಲಿಸಿದ್ದು. ಆದರೆ ನನಗೆ 2016ರ ನವೆಂಬರ್ 8ರ ರಾತ್ರಿ ನೆನಪಿಗೆ ಬಂತು. ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದು ಟಿ.ವಿ.ಯಲ್ಲಿ ಹೇಳಿದ ಆ ರಾತ್ರಿ ನಮ್ಮಂಥ ಎಷ್ಟು ಜನ ಹೆಂಗಸರು ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿ ತೆರೆದು ನೋಡಿಲ್ಲ? ನನ್ನ ಡಬ್ಬಿಯಲ್ಲಿ 9500 ರೂಪಾಯಿ ಇತ್ತು. ಹಾಲಿನ ಲೆಕ್ಕದಲ್ಲಿ, ತರಕಾರಿಯ ಲೆಕ್ಕದಲ್ಲಿ ಉಳಿಸಿದ್ದು. ಬದಲಾಯಿಸಲು ಇವರ ಕೈಗೇ ಕೊಡಬೇಕಾಯಿತು. ಇವರು ಬೈಯಲಿಲ್ಲ. "ಅಬ್ಬಾ, ನಮ್ಮನೆಯಲ್ಲೇ ಒಂದು ಬ್ಯಾಂಕು!" ಎಂದು ನಕ್ಕರು. ನಾನೂ ನಕ್ಕೆ. ಆದರೆ ಯಾರೋ ಬಟ್ಟೆಯ ಪೆಟ್ಟಿಗೆ ತೆಗೆದು ಅಂಗಳದಲ್ಲಿ ಸುರಿದ ಹಾಗೆ ನನಗಾಗಿತ್ತು. ಆ ದುಡ್ಡಿನಲ್ಲಿ ನಾನು ಕಳ್ಳ ಕೆಲಸವೇನೂ ಮಾಡುವವಳಿರಲಿಲ್ಲ. ತಂಗಿಯ ಮಗಳಿಗೊಂದು ಸೀರೆ, ನನಗೊಂದು ಹಲ್ಲಿನ ರಿಪೇರಿ, ಯಾರನ್ನೂ ಕೇಳದೆ ಎಲ್ಲಿಗಾದರೂ ಒಂದು ಬಸ್ ಚಾರ್ಜು. ಕೇಳದೆ ಎಂಬುದೇ ಅದರ ಬೆಲೆ.

ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರಿಗೆ ಗುಟ್ಟು ಬೇಕಿಲ್ಲ. ಇವರು ತಮ್ಮ ಸಂಬಳವನ್ನು ಎಂದೂ ಮುಚ್ಚಿಟ್ಟವರಲ್ಲ. ಮುಚ್ಚಿಡಬೇಕಾದ ಅಗತ್ಯವೇ ಅವರಿಗೆ ಬರಲಿಲ್ಲ. ಯಾರ ಮಾತು ನಡೆಯುವುದಿಲ್ಲವೋ ಅವರಿಗೆ ಗುಟ್ಟೊಂದೇ ಬಾಗಿಲ ಚಿಲಕ. ಅದನ್ನು ಸುಳ್ಳು ಎನ್ನುವ ಮೊದಲು, ಸತ್ಯ ಹೇಳಿದರೆ ಯಾರ ಕೈಯಿಂದ ಏನು ಹೋಗುತ್ತದೆ ಎಂದು ನೋಡಬೇಕಲ್ಲವೆ?

ಇದು ನನ್ನೊಬ್ಬಳ ಅಡುಗೆಮನೆಯ ತತ್ವವಲ್ಲ ಎಂಬುದು ಆಫ್ರಿಕದ ಎರಡು ಸಂಗತಿಗಳಿಂದ ನನಗೆ ಮನದಟ್ಟಾಯಿತು. ಕೀನ್ಯಾದಲ್ಲಿ 2007ರಲ್ಲಿ ಫೋನಿನ ಮೂಲಕ ಹಣ ಕಳಿಸುವ ಎಂ-ಪೆಸಾ ಶುರುವಾಯಿತು. ಸ್ವಾಹಿಲಿ ಭಾಷೆಯಲ್ಲಿ ಪೆಸಾ ಎಂದರೆ ದುಡ್ಡು. ನಮ್ಮ ಪೈಸೆಯೇ ಸಮುದ್ರ ದಾಟಿ ಹೋಗಿ ಹಾಗಾಗಿದೆ. ಅಲ್ಲಿಯವರೆಗೆ ನೈರೋಬಿಯಲ್ಲಿ ದುಡಿಯುವವರು ಊರಿಗೆ ಹಣ ಕಳಿಸಬೇಕೆಂದರೆ ಬಸ್ಸಿನ ಡ್ರೈವರನ ಕೈಗೆ ಕೊಡುವುದೂ ಇತ್ತು. ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ವ್ಯವಸ್ಥೆಯಿಂದ ಸುಮಾರು 1,94,000 ಕುಟುಂಬಗಳು ಕಡುಬಡತನದಿಂದ ಮೇಲೆ ಬಂದವು. ಹೆಚ್ಚಿನ ಲಾಭವಾದದ್ದು ಹೆಂಗಸರೇ ನಡೆಸುವ ಮನೆಗಳಿಗೆ.

ಇನ್ನೊಂದು ನೈಜರ್ ದೇಶದ್ದು. ಸಹಾರಾ ಮರುಭೂಮಿಯ ಅಂಚಿನ ಕಡುಬಡ ದೇಶ. 2009ರಲ್ಲಿ ಮಳೆ ಕೈಕೊಟ್ಟು ಬರ ಬಂದಾಗ, ಐರ್ಲೆಂಡಿನ ಕನ್ಸರ್ನ್ ಎಂಬ ಸಂಸ್ಥೆ 2010ರಲ್ಲಿ ಅಲ್ಲಿನ 96 ಹಳ್ಳಿಗಳ ಹೆಂಗಸರಿಗೆ ತಿಂಗಳು ತಿಂಗಳು ಹಣ ಹಂಚಿತು. ಕೆಲವು ಹಳ್ಳಿಗಳಲ್ಲಿ ಹೆಂಗಸರು ಒಂದೆಡೆ ಸೇರಿ ಸಾಲಾಗಿ ನಿಂತು ಹಣ ತೆಗೆದುಕೊಳ್ಳಬೇಕಿತ್ತು. ಇನ್ನು ಕೆಲವು ಕಡೆ ಹಣವೂ ಹಾಗೆಯೇ ಕೈಗೆ, ಜೊತೆಗೊಂದು ಫೋನು. ಮೂರನೆಯ ಗುಂಪಿಗೆ ಮಾತ್ರ ಹಣ ಫೋನಿಗೇ ಬರುತ್ತಿತ್ತು. ಮೊತ್ತ ಎಲ್ಲರಿಗೂ ಒಂದೇ. ಜೆನ್ನಿ ಏಕರ್ ಎಂಬ ಅರ್ಥಶಾಸ್ತ್ರಜ್ಞೆ ಮತ್ತು ಸಂಗಡಿಗರು ಹೋಗಿ ನೋಡಿದಾಗ, ಫೋನಿಗೆ ಹಣ ಬಂದ ಮನೆಗಳಲ್ಲಿ ಊಟ ಬೇರೆಯಾಗಿತ್ತು. ಬಗೆಬಗೆಯ ಆಹಾರ ಒಲೆಗೆ ಏರುತ್ತಿತ್ತು, ಮಕ್ಕಳು ದಿನಕ್ಕೆ ಮೂರನೆಯ ಒಂದರಷ್ಟು ಊಟ ಹೆಚ್ಚು ಉಣ್ಣುತ್ತಿದ್ದರು. ಬರೀ ಫೋನು ಪಡೆದು ಕೈಗೆ ಹಣ ತೆಗೆದುಕೊಂಡವರಲ್ಲಿ ಈ ವ್ಯತ್ಯಾಸವಿರಲಿಲ್ಲ. ಹಾಗಾದರೆ ಫೋನೇ ಕಾರಣವಲ್ಲ. ಹೋಗಿ ಬರುವ ಹೊತ್ತು ಉಳಿದದ್ದು ಒಂದು ಕಾರಣ. ಇನ್ನೊಂದು, ಹಣ ಬಂದದ್ದು ಅವಳೊಬ್ಬಳಿಗೇ ತಿಳಿಯುತ್ತಿತ್ತು. ಸಾಲಿನಲ್ಲಿ ನಿಂತು ತಂದರೆ ಊರಿಗೇ ಗೊತ್ತು, ಗಂಡ ಬಾಗಿಲಲ್ಲೇ ಕಾದಿರುತ್ತಾನೆ. ಫೋನು ಒಮ್ಮೆ ಗುಂಯ್ ಎಂದರೆ, ಎಷ್ಟನ್ನು, ಯಾವಾಗ, ಯಾವುದಕ್ಕೆ ಎಂದು ಯೋಚಿಸಲು ಅವಳಿಗೆ ಒಂದೆರಡು ದಿನ ಸಿಗುತ್ತದೆ. ಆ ಒಂದೆರಡು ದಿನವೇ ಮಕ್ಕಳ ತಟ್ಟೆಗೆ ಬಂತು.

ಇದನ್ನು ಓದಿ ನಾನು ಲೆಕ್ಕ ಹಾಕಿದೆ. ನನ್ನ ಮನೆಯ ಪಾತ್ರೆ ತೊಳೆಯುವಾಕೆಗೆ ಸರಕಾರ ಹಣ ಕೊಟ್ಟಿತು, ಮಗ ಫೋನು ಕೊಟ್ಟ, ಬ್ಯಾಂಕು ಖಾತೆ ಕೊಟ್ಟಿತು, ನಾನು ವಿದ್ಯೆ ಕೊಟ್ಟೆ. ಎಲ್ಲರೂ ಕೊಟ್ಟವರೇ. ಗುಟ್ಟನ್ನು ಮಾತ್ರ ಯಾರೂ ಕೊಡಲಿಲ್ಲ. ಇದ್ದದ್ದನ್ನು ನಾನೇ ಕಳೆದೆ. ದೇಶ ದೇಶಗಳಿಗೆ ಸಹಾಯ ಮಾಡುವವರು ಎಷ್ಟು ಜನಕ್ಕೆ ಫೋನು ತಲುಪಿತು ಎಂದು ಎಣಿಸುತ್ತಾರೆ. ಎಣಿಸಲಿ, ಅದೂ ಬೇಕು. ಫೋನಿಲ್ಲದ ಕಾಲದ ಕಷ್ಟ ಕಂಡವಳು ನಾನು. ಹಳೆಯದೇ ಚೆನ್ನಾಗಿತ್ತು ಎನ್ನಲಾರೆ. ಆದರೆ ಆ ಫೋನಿನ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದೂ ಕೇಳಬೇಕು. ಓದಲು ಬಾರದವರಿಗೆ ನಡುವೆ ಒಬ್ಬರು ಬೇಕೇ ಬೇಕು. ಆ ಒಬ್ಬರು ಅಂಗಡಿಯವನಿರಬಹುದು, ಮಗನಿರಬಹುದು, ನನ್ನಂಥ ಯಜಮಾನಿಯಿರಬಹುದು. ಯಾವ ಯಂತ್ರವೂ ಆ ಒಬ್ಬರನ್ನು ಪ್ರಾಮಾಣಿಕರನ್ನಾಗಿ ಮಾಡಲಾರದು. ಅದರಲ್ಲೂ ಕೆಟ್ಟತನಕ್ಕಿಂತ ಒಳ್ಳೆಯತನದ್ದೇ ಹೆಚ್ಚು ಅಪಾಯ. ಕೆಟ್ಟವರನ್ನು ಕಂಡರೆ ಎಚ್ಚರಿಕೆ ಇರುತ್ತದೆ. "ಒಳ್ಳೇದಕ್ಕೇ ಮಾಡಿದ್ದು" ಎನ್ನುವವರಿಗೆ ಏನು ಹೇಳುವುದು?

ನಾನು ಅವಳಿಗೆ 14,000 ರೂಪಾಯಿ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ನೀವು ತಗೊಂಡಿದ್ದಲ್ಲವಲ್ಲ ಅಮ್ಮ" ಎಂದಳು. ಸಾಲವೆಂದು ಕೊಟ್ಟರೆ ಎಂದೆ. ಯೋಚಿಸಿ ಹೇಳುತ್ತೇನೆ ಎಂದಳು. ಮಗಳ ಕಾಲೇಜಿನ ಅರ್ಜಿ ಹಾಕುವ ಹೊತ್ತಿಗೆ ಬಂದು ಆರು ಸಾವಿರ ಮಾತ್ರ ತೆಗೆದುಕೊಂಡಳು. ತಿಂಗಳಿಗೆ ಐನೂರರಂತೆ ಹಿಡಿದುಕೊಳ್ಳಿ ಎಂದು ಅವಳೇ ಲೆಕ್ಕ ಹೇಳಿದಳು. ಬೇಡವೆನ್ನುವ ದೊಡ್ಡತನ ತೋರಿಸಲು ನಾನು ಹೋಗಲಿಲ್ಲ. ಈ ಲೆಕ್ಕವಾದರೂ ಅವಳದೇ ಆಗಿರಲಿ.

ಅವಳಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಬಸ್ಸಿನ ನಂಬರು, ನೋಟು, ಸಂತೆಯ ಲೆಕ್ಕ ಎಲ್ಲ ಗೊತ್ತು. ಇದು ಮೊದಲ ದಿನವೇ ನನಗೆ ಹೊಳೆಯಬೇಕಿತ್ತು. ಒಂದು ಮಧ್ಯಾಹ್ನ ಕೂತು ಎಲ್ಲಿ ಒತ್ತಿದರೆ ಏನು ಬರುತ್ತದೆ ಎಂದು ತೋರಿಸಿದೆ. ನಾಲ್ಕು ಸಲ ತಪ್ಪಿದಳು, ಐದನೆಯ ಸಲಕ್ಕೆ ಬಂತು. ಕೊನೆಗೆ, ಹಳೆಯ ಸಂಖ್ಯೆ ತೆಗೆದು ಹೊಸದನ್ನು ನೀನೇ ಹಾಕು ಎಂದು ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಸೆರಗಿನಿಂದ ಗಾಜು ಒರೆಸಿದಳು. ಬೆರಳು ಎತ್ತಿ, ಹಾಗೇ ನಿಲ್ಲಿಸಿ, ನನ್ನ ಮುಖ ನೋಡಿದಳು.

"ಅಮ್ಮಾ, ಸ್ವಲ್ಪ ಆ ಕಡೆ ತಿರುಗ್ತೀರಾ?"

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹಿಂದುಗಡೆ ನಾಲ್ಕು ಸಲ ಟಿಕ್ ಟಿಕ್ ಎಂದದ್ದು ಕೇಳಿಸಿತು.